ಓಟು ಹಾಕಿದವರು ಊರಲ್ಲಿಲ್ಲ: ಮಾಲ್ಡೋವಾ ಯುರೋಪ್ ಒಕ್ಕೂಟಕ್ಕೆ ಸೇರಬೇಕಾ?

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಾನು ಮಾಲ್ಡೋವಾದ ರಾಜಧಾನಿ ಕಿಶಿನೌನಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಈಗ ನಾಲ್ಕನೇ ವರ್ಷ. ಮಾಲ್ಡೋವಾ ಅಂದ ಕೂಡಲೇ ನಮ್ಮ ಕಡೆಯವರು "ಮಾಲ್ಡೀವ್ಸಾ? ಬೀಚ್ ಫೋಟೋ ಹಾಕೇ" ಅಂತಾರೆ. ಇಲ್ಲಿ ಸಮುದ್ರವೇ ಇಲ್ಲ. ಒಂದು ಕಡೆ ರೊಮೇನಿಯಾ, ಉಳಿದ ಕಡೆಯೆಲ್ಲ ಉಕ್ರೇನ್. ಯುರೋಪಿನ ಬಡ ದೇಶಗಳ ಸಾಲಿನಲ್ಲಿ ಇದರ ಹೆಸರು ಯಾವಾಗಲೂ ಇರುತ್ತೆ.

ನಾನು ಬಾಡಿಗೆಗೆ ಇರೋದು ಒಬ್ಬ ಅಜ್ಜಿಯ ಮನೆಯಲ್ಲಿ. ಸೋವಿಯತ್ ಕಾಲದ ಒಂಬತ್ತು ಮಹಡಿ ಕಟ್ಟಡ, ಲಿಫ್ಟ್ ಒಂದು ದಿನ ಓಡಿದರೆ ಎರಡು ದಿನ ರಜೆ. ಅಜ್ಜಿಯ ಮಗಳು ಇಟಲಿಯ ಪಾದುವಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಮೊಮ್ಮಗ ಇಲ್ಲೇ, ಅಜ್ಜಿ ಹತ್ತಿರ. ಪ್ರತಿ ವಾರ ಇಟಲಿಯಿಂದ ಒಂದು ಬಿಳಿ ಪಾರ್ಸೆಲ್ ವ್ಯಾನ್ ಬರುತ್ತೆ. ಮಗಳು ಕಳಿಸಿದ ಪಾಸ್ತಾ, ಆಲಿವ್ ಎಣ್ಣೆ, ಸೋಪಿನ ಪುಡಿ, ಹುಡುಗನಿಗೆ ಶೂ ಎಲ್ಲ ಅದರಲ್ಲೇ ಬರುತ್ತೆ. ವಾಪಸ್ ಹೋಗುವಾಗ ಅಜ್ಜಿ ಸೌತೆಕಾಯಿ ಉಪ್ಪು ನೀರಿಗೆ ಹಾಕಿದ ಜಾಡಿ, ಒಣಗಿಸಿದ ಪ್ಲಮ್, ಅಕ್ರೋಟು ಕಳಿಸುತ್ತಾರೆ. ಮನೆಯಲ್ಲಿ ಮಾಡಿದ ಕುರಿಹಾಲಿನ ಚೀಸ್ ಮಾತ್ರ ಕಳಿಸುವ ಹಾಗಿಲ್ಲ. ಹಾಲು, ಮಾಂಸದ ಪದಾರ್ಥ ಒಕ್ಕೂಟದ ಗಡಿ ದಾಟಲ್ಲ. ಅಜ್ಜಿಗೆ ಯುರೋಪಿನ ಮೇಲೆ ಇರುವ ಮೊದಲ ಸಿಟ್ಟು ಅದೇ.

2024ರ ಅಕ್ಟೋಬರ್ 20ಕ್ಕೆ ಇಲ್ಲಿ ಜನಮತ ನಡೆಯಿತು. ಒಕ್ಕೂಟಕ್ಕೆ ಸೇರುವ ಗುರಿಯನ್ನು ಸಂವಿಧಾನದಲ್ಲೇ ಬರೆಯಬೇಕಾ ಬೇಡವಾ ಅನ್ನೋದು ಪ್ರಶ್ನೆ. ಮಗಳು ಇಟಲಿಯಲ್ಲಿ ಸಾಲು ನಿಂತು "ಬೇಕು" ಅಂತ ಹಾಕಿದಳು. ಅಜ್ಜಿ ಪಕ್ಕದ ಶಾಲೆಗೆ ಹೋಗಿ "ಬೇಡ" ಅಂತ ಹಾಕಿ ಬಂದರು. ಆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಇಬ್ಬರಿಗೂ ಏನು ಜಗಳ ಅಂತೀರಿ! ಎಣಿಕೆ ಶುರುವಾದಾಗ "ಬೇಡ" ಮುಂದಿತ್ತು. ನಾನು ಮಲಗಿ ಎದ್ದು ನೋಡಿದರೆ "ಬೇಕು" ಗೆದ್ದಿತ್ತು. 50.35 ಪರ್ಸೆಂಟ್. ವ್ಯತ್ಯಾಸ ಸುಮಾರು 10,500 ಓಟು ಅಷ್ಟೇ.

ಒಂದೇ ಮನೆಯಲ್ಲಿ ಎರಡು ಓಟು. ಯಾರು ಸರಿ? ಬಡ ದೇಶವೊಂದು ಇಂಥ ಒಕ್ಕೂಟಕ್ಕೆ ಸೇರಿದರೆ ಲಾಭ ಯಾರಿಗೆ?

ಸುಮ್ನೆ_ಓದುಗ
ಜಾಗ ಹಿಡಿದೆ. ಪಾಪ್‌ಕಾರ್ನ್ ಬೇಡ, ಮಂಡಕ್ಕಿ ಸಾಕು.

ಖಡಕ್_ರೊಟ್ಟಿ
ಅಜ್ಜಿಯೇ ಸರಿ. ಇದರಲ್ಲಿ ಕೇಳೋದೇನಿದೆ? ದೇಶದ ಒಳಗಿರೋ ಜನರ ಓಟು ಮಾತ್ರ ಎಣಿಸಿದ್ದರೆ "ಬೇಡ" ಗೆಲ್ಲುತ್ತಿತ್ತು, ಸುಮಾರು 54 ಪರ್ಸೆಂಟ್. ಹೊರಗಿದ್ದವರ ಓಟಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ "ಬೇಕು". ಅಂದರೆ ಊರು ಬಿಟ್ಟು ಹೋದವರು ಊರಲ್ಲಿ ಇರುವವರ ಹಣೆಬರಹ ಬರೆದರು. ಗ್ಯಾಸ್ ಬಿಲ್ ಕಟ್ಟೋರು ಒಬ್ಬರು, ತೀರ್ಮಾನ ಮಾಡೋರು ಇನ್ನೊಬ್ಬರು.

ಬಲ್ಗೇರಿಯಾ ನೋಡಿ. 1989ರಲ್ಲಿ ಹತ್ತಿರ ಹತ್ತಿರ 90 ಲಕ್ಷ ಜನ ಇದ್ದರು. 2007ರಲ್ಲಿ ಒಕ್ಕೂಟ ಸೇರಿತು. 2021ರ ಜನಗಣತಿಯಲ್ಲಿ 65 ಲಕ್ಷ. ಊರಿಗೆ ಊರೇ ಖಾಲಿ. ಬಡವರ ಮನೆ ಬಾಗಿಲು ತೆಗೆದರೆ ಒಳಗೆ ಬರೋದು ಗಾಳಿ, ಹೊರಗೆ ಹೋಗೋದು ಮಕ್ಕಳು.

ಇನ್ನೊಂದು ಕಥೆ. ಕೊಜ್ಲೊದುಯ್ ಅಂತ ಬಲ್ಗೇರಿಯಾದ ಅಣುಸ್ಥಾವರ. ಸೇರಬೇಕಾದರೆ ಹಳೇ ರಿಯಾಕ್ಟರ್ ಮುಚ್ಚಿ ಅಂದರು. ಎರಡನ್ನು 2002ರ ಕೊನೆಗೆ ಮುಚ್ಚಿದರು. ಇನ್ನೆರಡನ್ನು 2006ರ ಡಿಸೆಂಬರ್ 31ಕ್ಕೆ, ಅಂದರೆ ಸೇರುವ ಹಿಂದಿನ ದಿನ! ಅಕ್ಕಪಕ್ಕದ ದೇಶಕ್ಕೆ ಕರೆಂಟ್ ಮಾರುತ್ತಿದ್ದ ದೇಶ ಅದು. ಲಿಥುವೇನಿಯಾಗೂ ಹೀಗೇ ಆಯಿತು, 2009ರ ಕೊನೆಗೆ ಇಗ್ನಾಲಿನಾ ಸ್ಥಾವರ ಬಂದ್.

ಲೆಕ್ಕದ_ಮೇಷ್ಟ್ರು
ರೊಟ್ಟಿಯವರೇ, ಒಳ್ಳೇ ಉದಾಹರಣೆ ಕೊಟ್ಟಿದ್ದೀರಿ. ಆದರೆ ಅರ್ಧಕ್ಕೇ ನಿಲ್ಲಿಸಿದಿರಿ. ಆ ರಿಯಾಕ್ಟರ್‌ಗಳು ಹಳೇ ಸೋವಿಯತ್ ವಿನ್ಯಾಸದವು. ಸುತ್ತ ಗಟ್ಟಿ ರಕ್ಷಣಾ ಗುಮ್ಮಟ ಇಲ್ಲ. ಇಗ್ನಾಲಿನಾದಲ್ಲಿ ಇದ್ದದ್ದು ಚೆರ್ನೋಬಿಲ್ ಜಾತಿಯದ್ದೇ. ಮುಚ್ಚುವುದಕ್ಕೆ ಒಕ್ಕೂಟ ದುಡ್ಡನ್ನೂ ಕೊಟ್ಟಿತು. ಬಲ್ಗೇರಿಯಾದವರಿಗೆ ನೋವಾಗಿದ್ದು ನಿಜ, ಈಗಲೂ ಅಲ್ಲಿ ಆ ಮಾತು ಬರುತ್ತೆ.

ಜನಸಂಖ್ಯೆ ವಿಷಯಕ್ಕೆ ಬರೋಣ. ಮಾಲ್ಡೋವಾ ಇನ್ನೂ ಸೇರೇ ಇಲ್ಲವಲ್ಲ? 1989ರಲ್ಲಿ ಅಲ್ಲಿ 43 ಲಕ್ಷ ಜನ, 2024ರ ಜನಗಣತಿಯಲ್ಲಿ ಸುಮಾರು 24 ಲಕ್ಷ. (ಹಳೇ ಲೆಕ್ಕದಲ್ಲಿ ಆಮೇಲೆ ಬೇರೆಯಾದ ಟ್ರಾನ್ಸ್‌ನಿಸ್ಟ್ರಿಯಾ ಅನ್ನೋ ಭಾಗವೂ ಇತ್ತು, ಹೊಸದರಲ್ಲಿ ಇಲ್ಲ. ಅದನ್ನು ಕಳೆದು ನೋಡಿದರೂ ನಷ್ಟ ಬಲ್ಗೇರಿಯಾಗಿಂತ ಕಮ್ಮಿ ಏನಲ್ಲ.) ಸೇರಿದವರ ಮನೆಯೂ ಖಾಲಿ, ಸೇರದವರ ಮನೆಯೂ ಖಾಲಿ. ಹಾಗಿದ್ದಮೇಲೆ ಖಾಲಿಯಾಗಿದ್ದಕ್ಕೆ ಒಕ್ಕೂಟವನ್ನೇ ಬೈದರೆ ಹೇಗೆ?

ನನಗೆ ತೋಚೋದು ಇಷ್ಟು. ಈ ದೇಶದ ಜನ ಯುರೋಪಿಗೆ ಸೇರಿ ಎಷ್ಟೋ ವರ್ಷ ಆಯಿತು. 2014ರ ಏಪ್ರಿಲ್‌ನಿಂದ ಇವರಿಗೆ ವೀಸಾ ಇಲ್ಲದೆ 90 ದಿನ ಇರುವ ಅವಕಾಶ ಇದೆ. ಲಕ್ಷಾಂತರ ಜನರ ಹತ್ತಿರ ರೊಮೇನಿಯಾ ಪಾಸ್‌ಪೋರ್ಟ್ ಇದೆ. ಅಜ್ಜ ಅಜ್ಜಿ ಕಾಲದಲ್ಲಿ ಅದು ರೊಮೇನಿಯಾದ ನೆಲವೇ ಆಗಿತ್ತು, ಆ ದಾಖಲೆ ತೋರಿಸಿದರೆ ಪೌರತ್ವ ಸಿಗುತ್ತೆ. ಅಧ್ಯಕ್ಷೆ ಮಾಯಾ ಸಾಂಡು ಅವರ ಹತ್ತಿರವೂ ಇದೆ. ಜನ ಒಬ್ಬೊಬ್ಬರಾಗಿ ಸೇರಿದ್ದಾಯಿತು. ಆಸ್ಪತ್ರೆ, ರಸ್ತೆ, ಕೋರ್ಟು ಮಾತ್ರ ಹಿಂದೆ ಉಳಿದಿವೆ. ಜನ ಹೋದ ಕಡೆಗೆ ದೇಶವೂ ಹೋಗಬೇಕಾ ಅನ್ನೋದೇ ಈಗಿನ ಪ್ರಶ್ನೆ.

ಹಳ್ಳಿ_ಹಾಲು
ಮೇಷ್ಟ್ರೇ, ನಮಗೆ ಒಕ್ಕೂಟ ಅಂದರೆ ಹಾಲು ಒಕ್ಕೂಟ. ನಾನು ಎರಡು ಹೊತ್ತು ಡೈರಿಗೆ ಹಾಲು ಹಾಕೋನು. ಇದೂ ಹಾಗೇ ಅಲ್ವಾ? ಸೇರಬೇಕಂದರೆ ಕ್ಯಾನ್ ತೊಳೆದಿರಬೇಕು, ಫ್ಯಾಟ್ ನೋಡಿಸಬೇಕು, ನೀರು ಬೆರೆಸಿದರೆ ವಾಪಸ್. ಮೊದಮೊದಲು ಕಿರಿಕಿರಿ. ಆದರೆ ಬೆಲೆ ಇಷ್ಟು ಅಂತ ಗೊತ್ತಿರುತ್ತೆ, ವಾರಕ್ಕೋ ಹದಿನೈದು ದಿನಕ್ಕೋ ದುಡ್ಡು ಬರುತ್ತೆ. ಖಾಸಗಿಯವನು ಇವತ್ತು ಎರಡು ರೂಪಾಯಿ ಜಾಸ್ತಿ ಕೊಟ್ಟು ನಾಳೆ "ಬೇಡ ಹೋಗು" ಅಂತಾನೆ.

ಲೆಕ್ಕದ_ಮೇಷ್ಟ್ರು
ಹಳ್ಳಿ ಹಾಲು, ನಿಮಗೆ ಗೊತ್ತಿಲ್ಲದೇ ಮಾಲ್ಡೋವಾದ ಇತಿಹಾಸ ಹೇಳಿಬಿಟ್ಟಿರಿ. "ಬೇಡ ಹೋಗು" ಅಂದ ಖಾಸಗಿಯವನು ಯಾರು ಅಂದರೆ ರಷ್ಯಾ.

ಮಾಲ್ಡೋವಾದ ಹೆಮ್ಮೆ ಅಂದರೆ ವೈನು. ಸೋವಿಯತ್ ಕಾಲದಿಂದ ಅದರ ಬಹುಪಾಲು ಹೋಗುತ್ತಿದ್ದದ್ದು ರಷ್ಯಾಗೆ. 2006ರಲ್ಲಿ ರಷ್ಯಾ ಒಂದು ದಿನ "ನಿಮ್ಮ ವೈನಲ್ಲಿ ಕೀಟನಾಶಕ ಇದೆ" ಅಂತ ಹೇಳಿ ಪೂರ್ತಿ ನಿಲ್ಲಿಸಿತು. ದ್ರಾಕ್ಷಿ ತೋಟದವರು ಕೈಕೈ ಹಿಸುಕಿಕೊಂಡರು. 2013ರಲ್ಲಿ ಮತ್ತೆ ಬಂದ್, ಆಗ ಮಾಲ್ಡೋವಾ ಯುರೋಪಿನ ಜೊತೆ ಒಪ್ಪಂದಕ್ಕೆ ಹೊರಟಿತ್ತು. 2014ರ ಜೂನ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ಮುಂದಿನ ತಿಂಗಳೇ ಸೇಬು, ಪ್ಲಮ್ ಎಲ್ಲದಕ್ಕೂ ಬಾಗಿಲು ಮುಚ್ಚಿತು. ಕೀಟನಾಶಕಕ್ಕೆ ಇಷ್ಟು ಚೆನ್ನಾಗಿ ಕ್ಯಾಲೆಂಡರ್ ಓದೋಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಈಗ ಮಾಲ್ಡೋವಾದ ರಫ್ತಿನ ಅರ್ಧಕ್ಕಿಂತ ಜಾಸ್ತಿ ಒಕ್ಕೂಟಕ್ಕೇ ಹೋಗುತ್ತೆ. 2022ರಲ್ಲಿ ಯುದ್ಧದಿಂದ ಪೂರ್ವದ ದಾರಿ ಮುಚ್ಚಿಹೋದಾಗ ಒಕ್ಕೂಟ ಪ್ಲಮ್, ದ್ರಾಕ್ಷಿ, ಸೇಬು, ಟೊಮೇಟೊ, ಬೆಳ್ಳುಳ್ಳಿ, ಚೆರಿ, ದ್ರಾಕ್ಷಿ ರಸ ಈ ಏಳಕ್ಕೂ ಸುಂಕವಿಲ್ಲದ ಕೋಟಾ ಹೆಚ್ಚಿಸಿತು.

ಖಡಕ್_ರೊಟ್ಟಿ
ಸರಿ, ಒಬ್ಬ ಗಿರಾಕಿಯನ್ನು ನಂಬಿ ಕೆಟ್ಟರು. ಈಗ ಇನ್ನೊಬ್ಬ ಗಿರಾಕಿಯನ್ನು ನಂಬುತ್ತಾರೆ. ಬದಲಾಗಿದ್ದೇನು?

ಹಳ್ಳಿ_ಹಾಲು
ಗಿರಾಕಿ ಅಲ್ಲ ಅಣ್ಣ, ಸದಸ್ಯತ್ವ. ಡೈರಿ ಮೀಟಿಂಗ್‌ನಲ್ಲಿ ಎದ್ದು ನಿಂತು ಜಗಳ ಆಡಬಹುದು. ಖಾಸಗಿಯವನ ಹತ್ತಿರ ಯಾವ ಮೀಟಿಂಗ್?

ಯಾಶ್‌ನಲ್ಲಿ_ಒಬ್ಬ
ನಾನು ರೊಮೇನಿಯಾದ ಯಾಶ್ ಊರಲ್ಲಿದ್ದೇನೆ. ಸಾಫ್ಟ್‌ವೇರ್ ಕೆಲಸ. ಮಾಲ್ಡೋವಾ ಗಡಿ ಇಲ್ಲಿಂದ ಕೂಗಳತೆ, ಪ್ರುತ್ ಹೊಳೆ ದಾಟಿದರೆ ಆಯಿತು. ಸೇರಿದ ಮೇಲೆ ಏನಾಗುತ್ತೆ ಅಂತ ದಿನಾ ನೋಡುತ್ತಿರೋದನ್ನೇ ಹೇಳುತ್ತೇನೆ.

ರೊಮೇನಿಯಾ ಸೇರಿದ್ದು 2007ರ ಜನವರಿ 1ಕ್ಕೆ, ಬಲ್ಗೇರಿಯಾ ಜೊತೆಗೇ. ಬೆಲೆಗಳ ವ್ಯತ್ಯಾಸ ಸರಿಹೊಂದಿಸಿ ನೋಡಿದರೆ ಆಗ ಇವರ ತಲಾ ಆದಾಯ ಒಕ್ಕೂಟದ ಸರಾಸರಿಯ ಅರ್ಧವೂ ಇರಲಿಲ್ಲ. ಈಗ ಮುಕ್ಕಾಲು ದಾಟಿದೆ. ನನ್ನ ಆಫೀಸಿನ ಹಿರಿಯರೊಬ್ಬರು ಹೇಳುತ್ತಿದ್ದರು, ಸೇರಿದ ಹೊಸದರಲ್ಲಿ ಅವರ ಜೊತೆ ಓದಿದವರೆಲ್ಲ ಸ್ಪೇನು, ಇಟಲಿಗೆ ಹೋಗಿ ಗಾರೆ ಕೆಲಸ, ಮನೆಗೆಲಸ ಮಾಡಿದರಂತೆ. ಇಂಜಿನಿಯರ್ ಓದಿದವರೂ ಸೇರಿ. ಈಗ ಕೆಲವರು ವಾಪಸ್ ಬಂದು ಮನೆ ಕಟ್ಟಿದ್ದಾರೆ. ಎಲ್ಲರೂ ಅಲ್ಲ.

ಆದರೆ ಸೇರಿದ ಮಾತ್ರಕ್ಕೆ ರಸ್ತೆ ತಾನಾಗಿ ಬರಲ್ಲ. ಇಲ್ಲೇ ಪಕ್ಕದ ಸುಚಾವಾದಲ್ಲಿ 2019ರಲ್ಲಿ ಒಬ್ಬ ಉದ್ಯಮಿ ಸ್ವಂತ ದುಡ್ಡಲ್ಲಿ ಒಂದು ಎಕ್ಸ್‌ಪ್ರೆಸ್ ಹೆದ್ದಾರಿ ಕಟ್ಟಿಸಿದ. ಉದ್ದ ಎಷ್ಟು ಗೊತ್ತಾ? ಒಂದು ಮೀಟರ್. ಹೌದು, ಒಂದೇ ಒಂದು ಮೀಟರ್, ಬಿಳಿ ಗೆರೆ ಸಮೇತ! ಸೇರಿ ಹನ್ನೆರಡು ವರ್ಷ ಆದರೂ ನಮ್ಮ ಈ ಭಾಗಕ್ಕೆ ಒಂದು ಮೀಟರ್ ಹೆದ್ದಾರಿಯೂ ಬಂದಿಲ್ಲ ಅಂತ ತೋರಿಸೋಕೆ. ದುಡ್ಡು ಒಕ್ಕೂಟದ ಮುಖ್ಯ ಕಚೇರಿ ಇರೋ ಬ್ರಸೆಲ್ಸ್‌ನಲ್ಲಿ ಇತ್ತು. ಅದನ್ನು ತರೋಕೆ ಸರಿಯಾದ ಪ್ಲಾನ್ ಬರೆಯೋರು, ಟೆಂಡರ್ ನಡೆಸೋರು, ತಿನ್ನದೇ ಬಿಡೋರು ಬೇಕಲ್ಲ?

ಇನ್ನೊಂದು, ಡಾಕ್ಟರುಗಳದ್ದು. ಜರ್ಮನಿ, ಫ್ರಾನ್ಸಿಗೆ ಸಾವಿರಾರು ಜನ ಹೊರಟುಹೋದರು. ಕೊನೆಗೆ 2018ರಲ್ಲಿ ಸರ್ಕಾರಿ ಡಾಕ್ಟರ್‌ಗಳ ಸಂಬಳವನ್ನು ಒಂದೇ ಏಟಿಗೆ ಎರಡು ಪಟ್ಟಿಗೂ ಮೇಲೆ ಏರಿಸಿದರು. ಆಮೇಲೆ ಹೋಗೋರ ಸಂಖ್ಯೆ ಇಳಿಯಿತು. ಈ ಬುದ್ಧಿ ಹತ್ತು ವರ್ಷ ಮೊದಲೇ ಬಂದಿದ್ದರೆ ಎಂಥ ಚೆಂದ ಇತ್ತು.

ಕರಾವಳಿ_ಸಿಸ್ಟರ್
ಡಾಕ್ಟರ್ ವಿಷಯ ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಜರ್ಮನಿಯಲ್ಲಿ ನರ್ಸ್, ಮೂಲ ಉಡುಪಿ ಕಡೆ. ನಮ್ಮ ವಾರ್ಡಿನಲ್ಲಿ ಒಬ್ಬಳು ರೊಮೇನಿಯಾದವಳು, ಒಬ್ಬಳು ಬಲ್ಗೇರಿಯಾದವಳು, ಒಬ್ಬಳು ಮಾಲ್ಡೋವಾದವಳು.

ನನ್ನ ಸರ್ಟಿಫಿಕೇಟ್ ಇಲ್ಲಿ ಒಪ್ಪಿಸೋಕೆ ಒಂದೂವರೆ ವರ್ಷ ಹಿಡಿಯಿತು. ಸಿಲಬಸ್ ತರ್ಜುಮೆ, ಗಂಟೆಗಳ ಲೆಕ್ಕ, ಕೊನೆಗೆ "ಇಷ್ಟು ಕೊರತೆ ಇದೆ" ಅಂತ ಮತ್ತೆ ತರಬೇತಿ. ಅಲ್ಲಿವರೆಗೂ ಸಹಾಯಕಿ ಸಂಬಳ. ರೊಮೇನಿಯಾದವಳಿಗೆ ಒಕ್ಕೂಟದ ನಿಯಮದ ಪ್ರಕಾರ ಓದಿಗೆ ನೇರ ಮಾನ್ಯತೆ. ಭಾಷೆ ಕಲಿತರೆ ಸಾಕು. ಮಾಲ್ಡೋವಾದವಳದ್ದು ತಮಾಷೆ. ಅವಳ ಕೈಲಿ ರೊಮೇನಿಯಾ ಪಾಸ್‌ಪೋರ್ಟ್ ಇದೆ, ಹಾಗಾಗಿ ಇರೋಕೆ, ದುಡಿಯೋಕೆ ಪರವಾನಗಿ ಏನೂ ಬೇಡ. ಆದರೆ ಓದಿದ್ದು ಕಿಶಿನೌನಲ್ಲಿ. ಹಾಗಾಗಿ ಸರ್ಟಿಫಿಕೇಟ್ ವಿಷಯದಲ್ಲಿ ನನ್ನದೇ ಸಾಲಿನಲ್ಲಿ ನಿಂತಿದ್ದಳು! ಮನುಷ್ಯಳು ಒಳಗೆ, ಅವಳ ಓದು ಹೊರಗೆ. ಮೇಷ್ಟ್ರು ಹೇಳಿದ್ದು ಇದೇ ಅಲ್ವಾ?

ಒಂದು ಮಾತು ಮಾತ್ರ ನನ್ನನ್ನು ಕಾಡುತ್ತೆ. ನಾನು ಇಲ್ಲಿ ಬೇರೆಯವರ ತಾಯಿಗೆ ಸ್ನಾನ ಮಾಡಿಸುತ್ತೇನೆ, ನನ್ನ ಅಮ್ಮನನ್ನು ಊರಲ್ಲಿ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಬೆಣ್ಣೆದೋಸೆಯವರ ಅಜ್ಜಿ ಮಗಳೂ ಅದೇ ಕೆಲಸದಲ್ಲಿದ್ದಾಳೆ. ಅವಳು "ಬೇಕು" ಅಂದಿದ್ದು ಯಾಕೆ ಅಂತ ನನಗೆ ಅರ್ಥ ಆಗುತ್ತೆ. ಅಜ್ಜಿ "ಬೇಡ" ಅಂದಿದ್ದೂ ಅರ್ಥ ಆಗುತ್ತೆ.

ಟೋಲ್‌ಗೇಟ್_ರಾಜ
ಈ ಜರ್ಮನಿಯವರು ತೆರಿಗೆ ಕಟ್ಟೋದು, ಬಡ ದೇಶದವರು ತಿನ್ನೋದು. ನಮ್ಮ ಕರ್ನಾಟಕದ ಜಿಎಸ್‌ಟಿ ಕಥೆಯೇ. ನಾವು ಕಟ್ಟೋ ನೂರು ರೂಪಾಯಿಯಲ್ಲಿ...

ನಿರ್ವಾಹಕ
ರಾಜ ಅವರೇ, ಜಿಎಸ್‌ಟಿ ಪಾಲಿನ ಜಗಳಕ್ಕೆ ಬೇರೆ ಎಳೆ ಇದೆ, 400 ಉತ್ತರ ದಾಟಿದೆ. ಅಲ್ಲಿಗೆ ಬನ್ನಿ. ಇಲ್ಲಿ ಮಾಲ್ಡೋವಾ.

ಸುಮ್ನೆ_ಓದುಗ
ಮಂಡಕ್ಕಿ ಖಾಲಿ. ಮುಂದುವರಿಸಿ.

ಖಡಕ್_ರೊಟ್ಟಿ
ಸಿಸ್ಟರ್ ಅಕ್ಕ, ನಿಮ್ಮ ಮಾತು ತಟ್ಟಿತು. ನಾನು ಜನರನ್ನು ಬೈಯುತ್ತಿಲ್ಲ. ಕೇಳುತ್ತಿರೋದು ಇಷ್ಟೇ. ಯಾಶ್‌ನವರು ಹೇಳಿದ "ಮುಕ್ಕಾಲು" ಲೆಕ್ಕದಲ್ಲಿ ಒಂದು ಚಮತ್ಕಾರ ಇದೆ. ತಲಾ ಆದಾಯ ಅಂದರೆ ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸೋದು. ಅರ್ಧ ಊರು ಬಸ್ ಹತ್ತಿ ಹೋದರೆ ಭಾಗಿಸೋ ಸಂಖ್ಯೆ ಸಣ್ಣದಾಗುತ್ತೆ, ಉತ್ತರ ತಾನಾಗಿ ದೊಡ್ಡದಾಗುತ್ತೆ. ಅದನ್ನೇ ಏಳಿಗೆ ಅಂದುಬಿಡೋದಾ?

ಇನ್ನು ಗ್ರೀಸ್ ಮರೆತುಬಿಟ್ಟಿರಾ? 2010ರಲ್ಲಿ ಸಾಲದ ಸುಳಿಗೆ ಬಿದ್ದಾಗ ಪಿಂಚಣಿ ಕತ್ತರಿಸಿದರು, ಸಂಬಳ ಕತ್ತರಿಸಿದರು. ಆಜ್ಞೆ ಬಂದಿದ್ದು ಬೇರೆ ಊರಿಂದ. ಮನೆ ಲೆಕ್ಕಕ್ಕೆ ಪಕ್ಕದ ಮನೆಯವನ ಸಹಿ ಬೇಕು ಅಂದರೆ ಅದು ನಮ್ಮ ಮನೆಯಾ?

ಮತ್ತೆ ನೆಲ. ಈಗ ಮಾಲ್ಡೋವಾದಲ್ಲಿ ಹೊರದೇಶದವರು ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ. ಕಪ್ಪು ಮಣ್ಣು, ಬಂಗಾರದಂಥದ್ದು. ಒಳಗೆ ಸೇರಿದ ಮೇಲೆ ಡೆನ್ಮಾರ್ಕಿನವನು ಚೀಲದಲ್ಲಿ ದುಡ್ಡು ತಂದು ಜಿಲ್ಲೆಗೆ ಜಿಲ್ಲೆಯನ್ನೇ ಕೊಳ್ಳುತ್ತಾನೆ.

ಲೆಕ್ಕದ_ಮೇಷ್ಟ್ರು
ಭಾಗಾಕಾರದ ಏಟು ಚೆನ್ನಾಗಿತ್ತು. ನನ್ನ ಹಳೇ ವಿದ್ಯಾರ್ಥಿ ಆಗಿದ್ದರೆ ಎರಡು ಮಾರ್ಕ್ಸ್ ಜಾಸ್ತಿ ಕೊಡುತ್ತಿದ್ದೆ. ಆದರೆ ರೊಮೇನಿಯಾದ ಒಟ್ಟು ಉತ್ಪನ್ನವೂ ಏರಿದೆ, ಬರೀ ತಲಾ ಲೆಕ್ಕ ಅಲ್ಲ. ಜನ ಹೋಗಿದ್ದು ಪೂರ್ತಿ ಕಾರಣ ಆಗಿದ್ದರೆ ಮಾಲ್ಡೋವಾ ಎಲ್ಲರಿಗಿಂತ ಶ್ರೀಮಂತ ಆಗಬೇಕಿತ್ತು.

ಗ್ರೀಸ್ ಬಗ್ಗೆ. ಆ ಸಂಕಟ ಯೂರೋ ನಾಣ್ಯದ್ದು. ಒಕ್ಕೂಟ ಬೇರೆ, ಯೂರೋ ಬೇರೆ. ಪೋಲೆಂಡ್ 2004ರಲ್ಲಿ ಸೇರಿ ಇವತ್ತಿಗೂ ತನ್ನ ಜ್ಲೋಟಿ ಇಟ್ಟುಕೊಂಡಿದೆ. ಬಲ್ಗೇರಿಯಾ ಯೂರೋಗೆ ಬಂದಿದ್ದು 2026ರ ಜನವರಿ 1ಕ್ಕೆ, ಸೇರಿ 19 ವರ್ಷ ಆದಮೇಲೆ. ಇನ್ನೊಂದು ಕಡೆ ಮಾಂಟೆನೆಗ್ರೊ ಒಕ್ಕೂಟದ ಸದಸ್ಯನೇ ಅಲ್ಲ, ಆದರೂ ಅಂಗಡಿಯಲ್ಲಿ ಯೂರೋನೇ ನಡೆಯುತ್ತೆ. ಹಾಗಾಗಿ ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಭೂಮಿ ಭಯ ಸುಳ್ಳಲ್ಲ. ಪೋಲೆಂಡಿನವರಿಗೂ ಅದೇ ಭಯ ಇತ್ತು, ಮಾತುಕತೆಯಲ್ಲಿ ಪಟ್ಟು ಹಿಡಿದು 12 ವರ್ಷದ ತಡೆ ತಂದುಕೊಂಡರು. ರೊಮೇನಿಯಾ, ಬಲ್ಗೇರಿಯಾಗೆ ಸಿಕ್ಕಿದ್ದು ಏಳೇ ವರ್ಷ. ಹಾಗೇ ಶ್ರೀಮಂತ ದೇಶಗಳೂ ತಮ್ಮ ಕಡೆಯಿಂದ ಬಾಗಿಲು ಹಿಡಿದುಕೊಂಡವು. ರೊಮೇನಿಯಾ, ಬಲ್ಗೇರಿಯಾದ ಕೆಲಸಗಾರರಿಗೆ ಎಲ್ಲ ದೇಶಗಳಲ್ಲೂ ತಡೆ ಪೂರ್ತಿ ತೆಗೆದಿದ್ದು 2014ಕ್ಕೆ. ಅಷ್ಟೇ ಅಲ್ಲ, 2004ರಲ್ಲಿ ಸೇರಿದ ಹೊಸಬರ ರೈತರಿಗೆ ಮೊದಲ ವರ್ಷ ಹಳಬರ ಸಹಾಯಧನದ ಕಾಲು ಭಾಗ ಮಾತ್ರ ಕೊಟ್ಟರು. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬನಿಗೆ ಹೋಳಿಗೆ, ಇನ್ನೊಬ್ಬನಿಗೆ ಕಾಲು ಹೋಳಿಗೆ. ಇದನ್ನು ನಾನು ಅನ್ಯಾಯ ಅಂತಲೇ ಕರೆಯುತ್ತೇನೆ. ಚೌಕಾಸಿ ಮಾಡೋ ಕಸುವು ಇಲ್ಲದ ಸಣ್ಣ ದೇಶ ಮಾಲ್ಡೋವಾಗೆ ಇನ್ನೂ ಕಷ್ಟ.

ಯಾಶ್‌ನಲ್ಲಿ_ಒಬ್ಬ
ಮೇಷ್ಟ್ರೇ, ದುಡ್ಡಿನ ಬಗ್ಗೆ ಒಂದು ಸೇರಿಸುತ್ತೇನೆ. ಬಡ ಪ್ರದೇಶದಲ್ಲಿ ನೂರು ಯೂರೋ ಕೆಲಸಕ್ಕೆ ಒಕ್ಕೂಟ 85ರವರೆಗೂ ಕೊಡುತ್ತೆ, ಉಳಿದದ್ದನ್ನು ದೇಶವೇ ಹಾಕಬೇಕು. ಯಾಶ್‌ನ ಹೊಸ ಟ್ರಾಮ್‌ಗಳ ಮೇಲೂ ಒಕ್ಕೂಟದ ನೀಲಿ ಬಾವುಟದ ಸ್ಟಿಕ್ಕರ್ ಇದೆ. ಶಾಲೆ ಶೌಚಾಲಯದ ಮೇಲೂ ಇರುತ್ತೆ, ನಗು ಬರುತ್ತೆ. ಆದರೆ ಮೊದಲು ಆ ಶೌಚಾಲಯ ಶಾಲೆಯಿಂದ ದೂರ ಅಂಗಳದ ಮೂಲೆಯಲ್ಲಿತ್ತು, ಹಲಗೆ ಹೊಡೆದ ಗುಂಡಿ. ಇಲ್ಲಿ ಚಳಿ ಮೈನಸ್ ಹತ್ತಕ್ಕೆ ಇಳಿಯುತ್ತೆ. ಮಕ್ಕಳು ಆ ಹಿಮದಲ್ಲಿ ಓಡಬೇಕಿತ್ತು.

ಬೆಣ್ಣೆದೋಸೆ_ದಾವಣಗೆರೆ
ಇಲ್ಲಿನ ಹಳ್ಳಿ ಶಾಲೆಗಳಲ್ಲಿ ಈಗಲೂ ಎಷ್ಟೋ ಕಡೆ ಅದೇ ಗುಂಡಿ ಸರ್.

ಅಜ್ಜಿ "ಬೇಡ" ಅಂದಿದ್ದಕ್ಕೆ ಕಾರಣ ಕೇಳಿದೆ. ಮೂರು ಹೇಳಿದರು. ಒಂದು, ಗ್ಯಾಸ್ ಬಿಲ್. 2021ರ ಚಳಿಗಾಲದಿಂದ ಏರಿದ್ದು ಇಳಿದಿಲ್ಲ. "ರಷ್ಯಾ ಜೊತೆ ಚೆನ್ನಾಗಿದ್ದಾಗ ಮನೆ ಬೆಚ್ಚಗಿತ್ತು" ಅಂತಾರೆ. ಎರಡು, ಯುದ್ಧದ ಭಯ. ಉಕ್ರೇನ್ ಯುರೋಪ್ ಯುರೋಪ್ ಅಂತ ಹೋಗಿದ್ದಕ್ಕೇ ಹೀಗಾಯಿತು ಅಂತ ಅವರ ನಂಬಿಕೆ. 2022ರಲ್ಲಿ ಒಡೆಸಾ ಕಡೆಯಿಂದ ಓಡಿಬಂದ ಒಬ್ಬ ತಾಯಿ, ಎರಡು ಮಕ್ಕಳು ಇದೇ ಮನೆಯಲ್ಲಿ, ನಾನು ಈಗ ಮಲಗುವ ಕೋಣೆಯಲ್ಲೇ ಐದು ತಿಂಗಳು ಇದ್ದರಂತೆ. ಮೂರನೇದು ಕೇಳಿ, "ಅಲ್ಲಿಗೆ ಸೇರಿದರೆ ಇವನೂ ಹೋಗುತ್ತಾನೆ" ಅಂತ ಮೊಮ್ಮಗನ ಕಡೆ ಕೈ ತೋರಿಸಿದರು.

ಸುಮ್ನೆ_ಓದುಗ
ಮೂರನೇದಕ್ಕೆ ಉತ್ತರ ಯಾರ ಹತ್ತಿರ ಇದೆಯೋ ನೋಡೋಣ.

ಲೆಕ್ಕದ_ಮೇಷ್ಟ್ರು
ಮೂರನೇದಕ್ಕೆ ನನ್ನ ಹತ್ತಿರ ಇಲ್ಲ. ನನ್ನ ಮಗನೂ ಹೊರಗಡೆಯೇ ಇದ್ದಾನೆ.

ಮೊದಲೆರಡಕ್ಕೆ ಹೇಳಬಹುದು. ನಿಸ್ತ್ರು ಹೊಳೆ ಆಚೆ ಟ್ರಾನ್ಸ್‌ನಿಸ್ಟ್ರಿಯಾ ಅಂತ ಒಂದು ಪಟ್ಟಿ ಇದೆ. 1992ರಲ್ಲಿ ಯುದ್ಧ ಆಗಿ ಬೇರೆಯಾದದ್ದು. ಲೆಕ್ಕದಲ್ಲಿ ಮಾಲ್ಡೋವಾದ್ದೇ, ಆಡಳಿತ ಅಲ್ಲಿನ ಮುಖ್ಯ ಪಟ್ಟಣ ತಿರಾಸ್ಪೋಲ್‌ನವರದ್ದು. ಇವತ್ತಿಗೂ ಅಲ್ಲಿ ಸುಮಾರು 1,500 ರಷ್ಯಾ ಸೈನಿಕರಿದ್ದಾರೆ. ಅವರಿಗೆ ರಷ್ಯಾದ ಗ್ಯಾಸ್ ವರ್ಷಗಟ್ಟಲೆ ಹತ್ತಿರ ಹತ್ತಿರ ಪುಕ್ಕಟೆ. ಅದೇ ಗ್ಯಾಸ್ ಸುಟ್ಟು ಕರೆಂಟ್ ಮಾಡಿ ಮಾಲ್ಡೋವಾಗೆ ಮಾರುತ್ತಿದ್ದರು, ಅಲ್ಲಿ ಉರಿಯುತ್ತಿದ್ದ ಕರೆಂಟಿನ ಬಹುಪಾಲು ಅದೇ. ಕಿಶಿನೌ ಬಲ್ಬಿನ ಸ್ವಿಚ್ಚು ತಿರಾಸ್ಪೋಲ್‌ನಲ್ಲಿತ್ತು ಅನ್ನಿ.

2025ರ ಜನವರಿ 1ಕ್ಕೆ ಆ ಗ್ಯಾಸ್ ನಿಂತಿತು. ನಟ್ಟ ನಡು ಚಳಿಗಾಲ. ಯಾರಿಗೆ ಹೆಚ್ಚು ಹೊಡೆತ ಬಿತ್ತು? ರಷ್ಯಾದ ಜೊತೆ "ಚೆನ್ನಾಗಿದ್ದ" ತಿರಾಸ್ಪೋಲ್‌ಗೆ. ಮನೆಗಳಲ್ಲಿ ಬಿಸಿ ಇಲ್ಲ, ಕಾರ್ಖಾನೆ ಬಂದ್, ಗಂಟೆಗಟ್ಟಲೆ ಕರೆಂಟ್ ಇಲ್ಲ. ಹೊಳೆಯ ಈಚೆ ಕಿಶಿನೌನಲ್ಲಿ ಬಿಲ್ ಏರಿತು, ಆದರೆ ದೀಪ ಉರಿಯಿತು. ಯಾಕೆಂದರೆ 2022ರ ಮಾರ್ಚ್‌ನಲ್ಲೇ ಮಾಲ್ಡೋವಾ ತನ್ನ ವಿದ್ಯುತ್ ಜಾಲವನ್ನು ಯುರೋಪಿನದ್ದಕ್ಕೆ ಜೋಡಿಸಿಕೊಂಡಿತ್ತು. ಕರೆಂಟ್ ರೊಮೇನಿಯಾದಿಂದ ಬಂತು. ಅಜ್ಜಿಗೆ ಕಾಣೋದು ಬಿಲ್, ಅದು ನ್ಯಾಯವೇ. ಕಾಣದೇ ಹೋಗಿದ್ದು ಆರಿಹೋಗಬಹುದಾಗಿದ್ದ ದೀಪ.

ಖಡಕ್_ರೊಟ್ಟಿ
ಇದು ಒಪ್ಪಬೇಕಾದ ಮಾತು. ಆದರೆ ಟ್ರಾನ್ಸ್‌ನಿಸ್ಟ್ರಿಯಾ ಇಟ್ಟುಕೊಂಡು ಸೇರೋದು ಹೇಗೆ? ಅರ್ಧ ಸೈಟಿಗೆ ತಕರಾರು ಇದ್ದರೆ ಬ್ಯಾಂಕಿನವನು ಲೋನ್ ಕೊಡಲ್ಲ.

ಲೆಕ್ಕದ_ಮೇಷ್ಟ್ರು
ಸೈಪ್ರಸ್‌ಗೆ ಕೊಟ್ಟರಲ್ಲ! 2004ರಲ್ಲಿ ದ್ವೀಪ ಎರಡು ಹೋಳಾಗಿದ್ದ ಹಾಗೇ ಸೇರಿತು. ಉತ್ತರದ ಭಾಗಕ್ಕೆ ಒಕ್ಕೂಟದ ಕಾನೂನು ಸದ್ಯಕ್ಕೆ ಅನ್ವಯ ಇಲ್ಲ ಅಂತ ಬರೆದುಕೊಂಡರು. ಆಮೇಲೆ "ಇನ್ನೊಮ್ಮೆ ಹೀಗೆ ಮಾಡಬಾರದು" ಅಂದವರೂ ಇದ್ದಾರೆ.

ನನಗೆ ಟ್ರಾನ್ಸ್‌ನಿಸ್ಟ್ರಿಯಾಗಿಂತ ಗಗೌಜಿಯಾ ಜಾಸ್ತಿ ಚಿಂತೆ. ದಕ್ಷಿಣದಲ್ಲಿ ಕೊಮ್ರಾತ್ ಸುತ್ತ ಇರೋ ಸಣ್ಣ ಸ್ವಾಯತ್ತ ಪ್ರದೇಶ. ಜನ ಆಡೋದು ತುರ್ಕಿಗೆ ಹತ್ತಿರದ ಭಾಷೆ, ಧರ್ಮ ಆರ್ಥೊಡಾಕ್ಸ್ ಕ್ರೈಸ್ತ, ಟಿವಿ ನೋಡೋದು ರಷ್ಯನ್‌ನಲ್ಲಿ. ಅಲ್ಲಿ ನೂರಕ್ಕೆ 95 ಜನ "ಬೇಡ" ಅಂದರು. ಒಕ್ಕೂಟದ ದುಡ್ಡಲ್ಲಿ ಅಲ್ಲೂ ರಸ್ತೆ, ಶಿಶುವಿಹಾರ ಆಗಿವೆ. ಆದರೂ 95. ದುಡ್ಡು ಕೊಟ್ಟರೆ ಪ್ರೀತಿ ಬರುತ್ತೆ ಅಂತ ಬ್ರಸೆಲ್ಸ್‌ನವರು ತಿಳಿದಿದ್ದರೆ ಅದು ಅವರ ಮುಗ್ಧತನ.

ಟೋಲ್‌ಗೇಟ್_ರಾಜ
ಆ ಜನಮತದಲ್ಲಿ ಓಟಿಗೆ ದುಡ್ಡು ಹಂಚಿದರು ಅಂತ ಓದಿದ್ದೆ. ನಿಜವಾ? (ಜಿಎಸ್‌ಟಿ ಬಗ್ಗೆ ಅಲ್ಲ ನಿರ್ವಾಹಕರೇ.)

ಬೆಣ್ಣೆದೋಸೆ_ದಾವಣಗೆರೆ
ರಷ್ಯಾ ಕಡೆಯಿಂದ 1,30,000ಕ್ಕೂ ಹೆಚ್ಚು ಜನರಿಗೆ ದುಡ್ಡು ಬಂದಿದೆ ಅಂತ ಇಲ್ಲಿನ ಪೊಲೀಸರೇ ಹೇಳಿದ್ದರು. ರಷ್ಯಾ ಅಲ್ಲಗಳೆಯಿತು. ನಮ್ಮ ಕಟ್ಟಡದಲ್ಲೂ ಗುಸುಗುಸು ಇತ್ತು. ಅಜ್ಜಿಯನ್ನು ಕೇಳಿದ್ದಕ್ಕೆ "ನನಗೆ ಯಾರೂ ಕೊಡಲಿಲ್ಲ, ಪುಕ್ಕಟೆ ಬೇಡ ಅಂದೆ" ಅಂತ ಬೇಜಾರು ಮಾಡಿಕೊಂಡರು.

ಯಾಶ್‌ನಲ್ಲಿ_ಒಬ್ಬ
ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಓಟಿನ ದುಡ್ಡಿಗಿಂತ ದೊಡ್ಡ ಕಳ್ಳತನ ಅಲ್ಲಿ 2014ರಲ್ಲೇ ಆಗಿತ್ತು. ಮೂರು ಬ್ಯಾಂಕ್‌ಗಳಿಂದ ಸುಮಾರು 100 ಕೋಟಿ ಡಾಲರ್ ಮಾಯ. ದೇಶದ ವರ್ಷದ ಉತ್ಪನ್ನದ ಎಂಟನೇ ಒಂದು ಪಾಲು! ಠೇವಣಿದಾರರನ್ನು ಉಳಿಸೋಕೆ ಸರ್ಕಾರ ದುಡ್ಡು ತುಂಬಿತು, ಅದನ್ನು 25 ವರ್ಷದ ಸಾಲ ಮಾಡಿ ಬರೆದಿಟ್ಟರು. 2041ರವರೆಗೂ ಜನ ಕಂತು ಕಟ್ಟಬೇಕು. ಬೆಣ್ಣೆದೋಸೆಯವರ ಮನೆಯ ಹುಡುಗ ದೊಡ್ಡವನಾಗಿ, ಕೆಲಸಕ್ಕೆ ಸೇರಿ ಅದನ್ನೇ ತೀರಿಸುತ್ತಾನೆ. ನಾಚಿಕೆಯ ಸಂಗತಿ ಏನಂದರೆ ಆಗ ಅಲ್ಲಿ ಆಳುತ್ತಿದ್ದದ್ದು ತಾವು ಯುರೋಪ್ ಪರ ಅಂತ ಹೇಳಿಕೊಳ್ಳುವ ಸರ್ಕಾರ. ನನ್ನ ಜೊತೆ ಕೆಲಸ ಮಾಡೋ ಮಾಲ್ಡೋವಾ ಹುಡುಗನಿಗೆ ಆ ಕಳ್ಳತನದ ಮಾತು ಎತ್ತಿದರೆ ಇವತ್ತಿಗೂ ಮುಖ ಕೆಂಪಾಗುತ್ತೆ. "ಕೋರ್ಟು ಸರಿ ಮಾಡೋಕೆ ನಮ್ಮವರ ಕೈಲಿ ಆಗಲ್ಲ. ಹೊರಗಿನವರು ಕಿವಿ ಹಿಂಡಬೇಕು. ಅದಕ್ಕೇ ನಾನು ಬೇಕು ಅಂತ ಹಾಕಿದ್ದು" ಅಂತಾನೆ.

ಹಳ್ಳಿ_ಹಾಲು
ಫ್ಯಾಟ್ ಮಿಷಿನ್ ಬಂದಮೇಲೆ ನಮ್ಮೂರಲ್ಲಿ ನೀರು ಬೆರೆಸೋದು ನಿಂತ ಹಾಗೆ.

ಖಡಕ್_ರೊಟ್ಟಿ
ಮಿಷಿನ್ ಇಡೋಕೆ ಒಕ್ಕೂಟದ 27 ಸದಸ್ಯ ದೇಶಗಳೂ ಒಪ್ಪಬೇಕು ಕಣಣ್ಣ. ಒಬ್ಬ ಒಲ್ಲೆ ಅಂದರೂ ಮುಗೀತು. ಉತ್ತರ ಮ್ಯಾಸಿಡೋನಿಯಾ ಪಾಡು ನೋಡು. 2005ರಿಂದ ಬಾಗಿಲಲ್ಲಿ ನಿಂತಿದೆ. ಗ್ರೀಸ್‌ನವರು "ನಿಮ್ಮ ಹೆಸರೇ ಸರಿ ಇಲ್ಲ" ಅಂದರು ಅಂತ 2019ರಲ್ಲಿ ದೇಶದ ಹೆಸರನ್ನೇ ಬದಲಾಯಿಸಿಕೊಂಡರು. ಆಮೇಲೆ ಫ್ರಾನ್ಸ್ ಈಗ ಬೇಡ ಅಂದಿತು. 2020ರಲ್ಲಿ ಬಲ್ಗೇರಿಯಾ ಭಾಷೆ, ಇತಿಹಾಸದ ತಕರಾರು ತೆಗೆಯಿತು. ಮದುವೆಗೆ ಅಂತ ಹೆಸರು ಬದಲಿಸಿಕೊಂಡ ಹುಡುಗಿ, ಛತ್ರದ ಬಾಗಿಲಲ್ಲೇ ನಿಂತಿದ್ದಾಳೆ.

ಮಾಲ್ಡೋವಾದ್ದೂ ಅದೇ. 2022ರ ಮಾರ್ಚ್‌ನಲ್ಲಿ ಅರ್ಜಿ, ಜೂನ್‌ನಲ್ಲೇ ಅಭ್ಯರ್ಥಿ ಪಟ್ಟ, 2024ರ ಜೂನ್‌ನಲ್ಲಿ ಮಾತುಕತೆ ಶುರು. ಭಾರೀ ವೇಗ ಅಂದರು. 2025ರಲ್ಲಿ ಹಂಗೇರಿ ಉಕ್ರೇನ್‌ಗೆ ಅಡ್ಡ ಹಾಕಿತು. ಜೊತೆಗೆ ಗಂಟು ಹಾಕಿದ್ದಕ್ಕೆ ಮಾಲ್ಡೋವಾ ಗಾಡಿಯೂ ನಿಂತಿತು.

ಸೇರುವುದು ತಪ್ಪು ಅಂತ ಮೊದಲು ಹೇಳಿದ್ದೆ. ಈಗ ಅಷ್ಟು ಖಡಕ್ಕಾಗಿ ಹೇಳಲ್ಲ. ಆದರೆ ಸೇರುತ್ತೇವೆ ಅಂತ ಮನೆಮಂದಿಯನ್ನೆಲ್ಲ ಹೊಸ ಬಟ್ಟೆ ಹಾಕಿಸಿ ಬಾಗಿಲಲ್ಲಿ ಕೂರಿಸೋದು ತಪ್ಪು. ಆ ಕಾಯುವಿಕೆಗೂ ಒಂದು ಬೆಲೆ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಲೆಕ್ಕದ_ಮೇಷ್ಟ್ರು
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಒಂದೇ ಸಮಾಧಾನ, ಕಾಯುವಾಗಲೂ ಚೂರುಪಾರು ಸಿಗುತ್ತಿದೆ. 2025ರಿಂದ 27ರವರೆಗೆ 190 ಕೋಟಿ ಯೂರೋವರೆಗೂ ನೆರವು, ಬಹುಪಾಲು ಕಮ್ಮಿ ಬಡ್ಡಿಯ ಸಾಲ, ಅದೂ ಹೇಳಿದ ಕೆಲಸ ಮಾಡಿ ತೋರಿಸಿದ ಹಾಗೆಲ್ಲ ಕಂತು ಕಂತಾಗಿ. 2025ರ ಸೆಪ್ಟೆಂಬರ್ ಚುನಾವಣೆಯಲ್ಲಿ ಸಾಂಡು ಅವರ ಪಕ್ಷ 101ರಲ್ಲಿ 55 ಸೀಟು ಗೆದ್ದಿತು. ಅಂದರೆ ಕಾಯೋಕೆ ಜನ ಇನ್ನೊಂದು ಸಲ ಒಪ್ಪಿದ್ದಾರೆ. ಎಷ್ಟು ಸಲ ಒಪ್ಪುತ್ತಾರೆ ಅನ್ನೋದು ನೋಡಬೇಕು.

ಕರಾವಳಿ_ಸಿಸ್ಟರ್
ನಾರ್ವೆ ಎರಡು ಸಲ ಬೇಡ ಅಂದಿದೆ ಅಲ್ವಾ ಮೇಷ್ಟ್ರೇ, 1972 ಮತ್ತು 1994ರಲ್ಲಿ? ನಮ್ಮ ಆಸ್ಪತ್ರೆಯ ನಾರ್ವೆ ಡಾಕ್ಟರ್ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ನಾನು ಮನಸ್ಸಲ್ಲೇ ಅಂದುಕೊಂಡೆ, ಎಣ್ಣೆ ಬಾವಿ ಇರೋರು ಬೇಡ ಅನ್ನೋದು ಬೇರೆ, ಪ್ಲಮ್ ಒಣಗಿಸಿ ಬದುಕೋರು ಬೇಡ ಅನ್ನೋದು ಬೇರೆ.

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ಥ್ಯಾಂಕ್ಸ್. ನಾಳೆ ಫಾರ್ಮಕಾಲಜಿ ಪರೀಕ್ಷೆ, ಆದರೂ ಇದನ್ನು ಬರೆಯದೇ ಇರೋಕೆ ಆಗಲಿಲ್ಲ.

ಇವತ್ತು ರಾತ್ರಿ ಅಜ್ಜಿ ಮಮಲೀಗ ಮಾಡಿದ್ದರು. ಜೋಳದ ಮುದ್ದೆ. ಮೆಕ್ಕೆಜೋಳದ ಹಿಟ್ಟನ್ನು ಕುದಿಯೋ ನೀರಿಗೆ ಹಾಕಿ ಮರದ ಕೋಲಲ್ಲಿ ತಿರುವೋದು, ಥೇಟ್ ನಮ್ಮ ರಾಗಿ ಮುದ್ದೆ ತಿರುವಿದ ಹಾಗೇ. ತಟ್ಟೆಗೆ ಬೋರಲು ಹಾಕಿ ದಾರದಿಂದ ಕತ್ತರಿಸುತ್ತಾರೆ. ಪಕ್ಕಕ್ಕೆ ಅದೇ ಕುರಿಹಾಲಿನ ಚೀಸ್. ತಿನ್ನುವಾಗ ನಿಮ್ಮ ಚರ್ಚೆಯನ್ನು ನನ್ನ ಹರುಕುಮುರುಕು ರೊಮೇನಿಯನ್‌ನಲ್ಲಿ ಹೇಳಿದೆ. ಡೈರಿ ಕಥೆ ಅವರಿಗೆ ತುಂಬಾ ಹಿಡಿಸಿತು. ಸಾಮೂಹಿಕ ಫಾರ್ಮಿನಲ್ಲಿ ಅವರೂ ಹಸು ಕರೆದವರೇ.

"ಒಳಗೆ ಸೇರಿದರೆ ಚೀಸ್ ಪಾದುವಾಗೆ ಕಳಿಸಬಹುದು ಅಜ್ಜಿ, ಗಡಿಯಲ್ಲಿ ಯಾರೂ ಹಿಡಿಯಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ತೋರಿಸಿದರು. ಒಳಗೆ ಅವರ ಅಪ್ಪನ 1930ರ ದಶಕದ ಜನನ ಪತ್ರ, ಅದರ ಮೇಲೆ ರೊಮೇನಿಯಾ ರಾಜನ ಕಾಲದ ಮುದ್ರೆ. ಮೊಮ್ಮಗನಿಗೆ ರೊಮೇನಿಯಾ ಪಾಸ್‌ಪೋರ್ಟ್ ಮಾಡಿಸೋಕೆ ತರ್ಜುಮೆಗೆ, ನೋಟರಿಗೆ ಕೊಟ್ಟು ತಂದಿದ್ದಾರೆ. ಅರ್ಜಿ ಹಾಕಿ ಆಗಲೇ ಆರು ತಿಂಗಳು.

"ಅಲ್ಲ ಅಜ್ಜಿ, ಬೇಡ ಅಂತ ಓಟು ಹಾಕಿದ್ದು ನೀವೇ ಅಲ್ವಾ?" ಅಂದೆ.

"ಅದು ದೇಶಕ್ಕೆ. ಇದು ಹುಡುಗನಿಗೆ" ಅಂದರು. ಆಮೇಲೆ ಇನ್ನೊಂದು ತುಂಡು ಮಮಲೀಗ ಹಾಕಿದರು.

ಲೆಕ್ಕದ_ಮೇಷ್ಟ್ರು
ಪರೀಕ್ಷೆಗೆ ಓದಿಕೋ ಮಗಾ. ಅಜ್ಜಿಗೆ ಮಾರ್ಕ್ಸ್ ಕೊಡೋಕೆ ನನ್ನ ಕೈಲಿ ಆಗಲ್ಲ.